ಮಣಿಪಾಲದಿಂದ ಕೋಡಿಬೆಂಗ್ರೆಗೆ ವೈರ್‌ಲೆಸ್ ಲಿಂಕ್: ಉಪಕರಣ ಆರಿಸಿದ ಬಗೆ

ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಹೋಮ್‌ಸ್ಟೇ ಒಂದಕ್ಕೆ ಮಣಿಪಾಲದ ಗುಡ್ಡದ ಮೇಲಿನ ಕಟ್ಟಡದಿಂದ ಇಂಟರ್ನೆಟ್ ಒಯ್ಯುವ ಕೆಲಸ ನನಗೆ ಬಂದಾಗ, ಮನೆಯ ಯಜಮಾನರು ಮೊದಲು ಕೇಳಿದ್ದು ಯಾವ ಕಂಪನಿಯ ಡಿಷ್ ತರಿಸಬೇಕು ಎಂದು. ದಾರಿಯ ಲೆಕ್ಕ ಮುಗಿಯುವ ತನಕ ಕಂಪನಿಯ ಹೆಸರು ಬೇಡ ಎಂದು ನಾನು ಹೇಳಿದೆ. ಎಲ್ಲ ಕೆಲಸಗಳಲ್ಲೂ ನಾನು ಹಿಡಿದುಕೊಂಡು ಬಂದಿರುವ ಕ್ರಮ ಇದು.

ನೇರ ದೂರ ಸುಮಾರು 12 ಕಿಲೋಮೀಟರ್. ಮಣಿಪಾಲದ ತುದಿ ಸಮುದ್ರಮಟ್ಟದಿಂದ ಸುಮಾರು 90 ಮೀಟರ್ ಎತ್ತರದಲ್ಲಿದೆ, ಬೆಂಗ್ರೆಯ ತುದಿಗೆ 12 ಮೀಟರ್ ಸಾಕೆಂದು ಮೊದಲು ಅಂದುಕೊಂಡಿದ್ದೆವು. ಕಣ್ಣಿಗೆ ದಾರಿ ತೆರವಾಗಿಯೇ ಕಾಣುತ್ತಿತ್ತು. ಆದರೆ ರೇಡಿಯೊ ಅಲೆಗೆ ಬೇಕಾಗುವುದು ಗೆರೆಯಷ್ಟು ಜಾಗವಲ್ಲ, ಅದರ ಸುತ್ತ ಅಲೆ ಹರಡಿಕೊಳ್ಳುವ, ನಡುವೆ ಉಬ್ಬಿದ ಕೊಳವೆಯಂತಹ ಫ್ರೆನೆಲ್ ವಲಯದ ಕನಿಷ್ಠ ಶೇಕಡಾ 60ರಷ್ಟು ಖಾಲಿ ಇರಬೇಕು. ಬೆಂಗ್ರೆಯ ಕಡೆಯಿಂದ ನದಿ ದಾಟಿದ ಮೇಲೆ, ಸುಮಾರು 2 ಕಿಲೋಮೀಟರ್ ದೂರದಲ್ಲಿ ತೆಂಗಿನ ತೋಟ ಆರಂಭವಾಗುತ್ತದೆ. ಅಲ್ಲಿ ಭೂಮಿಯ ಉಬ್ಬನ್ನು ಕಳೆದ ಮೇಲೆ ಕಿರಣದ ಎತ್ತರ 24 ಮೀಟರ್, ಅದರ ಕೆಳಗೆ ಖಾಲಿ ಇರಬೇಕಾದದ್ದು ಐದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಸಮುದ್ರಮಟ್ಟದಿಂದ 18 ಮೀಟರ್ ಮೀರಿದ ಮರದ ತುದಿಯೆಲ್ಲ ಸಿಗ್ನಲ್ಲನ್ನು ತಿನ್ನುತ್ತದೆ, ಮಳೆಯಲ್ಲಿ ನೆನೆದ ಗರಿಗಳಂತೂ ಇನ್ನೂ ಹೆಚ್ಚು. ಆದ್ದರಿಂದ ಬೆಂಗ್ರೆಯ ಆಂಟೆನಾವನ್ನು 15 ಮೀಟರಿಗೆ ಏರಿಸುವ ಕಂಬಕ್ಕೆ ಮೊದಲು ದುಡ್ಡು ಎತ್ತಿಟ್ಟೆವು.

ಬಳಿಕ ರೇಡಿಯೊ ಮತ್ತು ಡಿಷ್. ಗಾಳಿಯ ಆಮ್ಲಜನಕವೇ ಪ್ರತಿ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್ (ಸಿಗ್ನಲ್ಲಿನ ಏರಿಳಿತದ ಅಳತೆ) ಹೀರಿಕೊಳ್ಳುವ 60 ಗಿಗಾಹರ್ಟ್ಸ್ ಉಪಕರಣಗಳ ಮಾತು ಈ ದೂರಕ್ಕೆ ಬರುವುದೇ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿದ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 5725ರಿಂದ 5875 ಮೆಗಾಹರ್ಟ್ಸ್ ಭಾಗವನ್ನು ಆರಿಸಿಕೊಂಡೆ. ಅಲ್ಲಿ ರೇಡಿಯೊದ ಪವರ್ ಮತ್ತು ಅದನ್ನು ಒಂದೇ ದಿಕ್ಕಿಗೆ ಕೂಡಿಸಿ ಡಿಷ್ ಕೊಡುವ ಬಲ, ಎರಡೂ ಸೇರಿ 36 ಡಿಬಿಎಂ (ರೇಡಿಯೊ ಶಕ್ತಿಯ ಅಳತೆ) ಮೀರಬಾರದೆಂಬ ಮಿತಿ ಇದೆ. ಉಪಕರಣ ಆರಿಸುವವರು ಈ ಮಿತಿಯ ಅರ್ಥವನ್ನು ಚೆನ್ನಾಗಿ ಯೋಚಿಸಬೇಕು. ದೊಡ್ಡ ಡಿಷ್ ಹಾಕಿದಷ್ಟೂ ರೇಡಿಯೊದ ಪವರ್ ತಗ್ಗಿಸಬೇಕಾಗುವುದರಿಂದ ಕಳುಹಿಸುವ ಕಡೆ ಲಾಭವಿಲ್ಲ, ಲಾಭವೆಲ್ಲ ಕೇಳಿಸಿಕೊಳ್ಳುವ ಕಡೆ. ಹೆಚ್ಚು ಪವರಿನ ರೇಡಿಯೊಗೆ ಹಣ ಸುರಿಯುವುದು ಇಲ್ಲಿ ವ್ಯರ್ಥ. 12 ಕಿಲೋಮೀಟರಿನಲ್ಲಿ 5.8 ಗಿಗಾಹರ್ಟ್ಸ್ ಅಲೆ ಸುಮಾರು 129 ಡೆಸಿಬೆಲ್ ಕಳೆದುಕೊಳ್ಳುತ್ತದೆ. ರೇಡಿಯೊ ಮತ್ತು ಡಿಷ್ ಒಟ್ಟಿಗೇ ಬರುವ ಪವರ್‌ಬೀಮ್ ಅಥವಾ ಕೇಂಬಿಯಂ ಫೋರ್ಸ್ 300-25ರಂತಹ 25 ಡಿಬಿಐ (ಡಿಷ್‌ನ ಬಲದ ಅಳತೆ) ಉಪಕರಣದಲ್ಲಿ ಲೆಕ್ಕದ ಪ್ರಕಾರ ಸಿಗುವುದು ಮೈನಸ್ 68 ಡಿಬಿಎಂ, 30 ಡಿಬಿಐ ಡಿಷ್‌ನಲ್ಲಿ ಮೈನಸ್ 63; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ಈ 5 ಡೆಸಿಬೆಲ್ಲಿಗಾಗಿ ನಾನು ರೇಡಿಯೊ ಬೇರೆ, ಡಿಷ್ ಬೇರೆಯಾಗಿರುವ ಜೋಡಿಯನ್ನು ಎರಡೂ ತುದಿಗೆ ಹಾಕಿದೆ. ದೊಡ್ಡ ಡಿಷ್ ಗಾಳಿಯನ್ನು ಹೆಚ್ಚು ಹಿಡಿಯುತ್ತದೆ, ಕನೆಕ್ಟರುಗಳಲ್ಲಿ ನೀರು ಇಳಿಯುವ ಭಯವೂ ಇದೆ. ಆದರೂ ಈ ದಾರಿಗೆ ಅದೇ ಸರಿ ಎಂಬುದು ನನ್ನ ತೀರ್ಮಾನ.

ಅದಕ್ಕೆ ಕಾರಣ ನೀರು. ಈ ಎತ್ತರಗಳಿಗೆ ಅಲೆ ಪ್ರತಿಫಲಿಸುವ ಜಾಗ ಬೆಂಗ್ರೆಯಿಂದ ಸುಮಾರು 1.7 ಕಿಲೋಮೀಟರಿನಲ್ಲಿ, ಹೊಳೆಯ ಹರವಿನ ಮೇಲೆಯೇ ಬೀಳುತ್ತದೆ. ನೇರವಾಗಿ ಬಂದ ಅಲೆಯೂ ನೀರಿಗೆ ತಾಗಿ ಬಂದ ಅಲೆಯೂ ಕೆಲವೊಮ್ಮೆ ಒಂದನ್ನೊಂದು ಕೂಡಿಸುತ್ತವೆ, ಕೆಲವೊಮ್ಮೆ ಅಳಿಸುತ್ತವೆ. ಭರತದಲ್ಲಿ ನೀರು ಒಂದು ಮೀಟರ್ ಏರಿದರೆ ಎರಡು ದಾರಿಗಳ ಉದ್ದದ ವ್ಯತ್ಯಾಸ ಒಂದು ತರಂಗದ ಉದ್ದದ ಮೂರನೇ ಒಂದರಷ್ಟು ಬದಲಾಗುತ್ತದೆ. ಹಾಗಾಗಿ ಬೆಂಗ್ರೆಯ ಸಿಗ್ನಲ್ ಗ್ರಾಫ್ ಭರತ ಇಳಿತದ ಜೊತೆಗೇ ಏರಿಳಿಯುತ್ತದೆ. ಈ ಎರಡು ಅಲೆಗಳು ಬರುವ ಕೋನಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಗಿಂತಲೂ ಕಡಿಮೆ ಇರುವುದರಿಂದ ಯಾವ ಡಿಷ್ ಕೂಡ ಆ ಪ್ರತಿಫಲನವನ್ನು ತಡೆಯಲಾರದು. ಸಿಗ್ನಲ್ ಇಳಿದಾಗ ಕೈಹಿಡಿಯುವುದು ದೊಡ್ಡ ಡಿಷ್ ಕೊಡುವ ಆ 5 ಡೆಸಿಬೆಲ್ ಉಳಿಕೆ. ಕಂಬದಲ್ಲಿ ಸುಮಾರು 1.7 ಮೀಟರ್ ಮೇಲೆ ಕೆಳಗೆ ಸರಿಸಿದರೆ ಅರ್ಧ ತರಂಗದ ವ್ಯತ್ಯಾಸ ಬಂದು, ಅಲೆಗಳು ಅಳಿಸುವ ಜಾಗದಿಂದ ಕೂಡಿಸುವ ಜಾಗಕ್ಕೆ ಹೋಗಬಹುದು. ಅದಕ್ಕಾಗಿ ಕ್ಲಾಂಪ್ ಸರಿಸಲು ಜಾಗವಿರುವ ಕಂಬವನ್ನೇ ಹಾಕಿಸಿ, ಒಂದು ಪೂರ್ತಿ ಭರತ ಇಳಿತ ನೋಡಿದ ಮೇಲೆ ಎತ್ತರವನ್ನು ಗಟ್ಟಿಮಾಡಿದೆ. ಚಾನೆಲ್ ಅಗಲವನ್ನು 40ರ ಬದಲು 20 ಮೆಗಾಹರ್ಟ್ಸ್‌ಗೆ ಇಳಿಸಿದ್ದರಿಂದ ಇನ್ನೂ 3 ಡೆಸಿಬೆಲ್ ಕೈಗೆ ಉಳಿಯಿತು. ಇದರಿಂದ ವೇಗ ಕಡಿಮೆಯಾದರೂ ಹೋಮ್‌ಸ್ಟೇಗೆ ಅದು ಧಾರಾಳವಾಯಿತು. 5 ಗಿಗಾಹರ್ಟ್ಸ್‌ನಲ್ಲಿ ಮಳೆಯ ಹನಿಗಳು ಕಸಿಯುವುದು ಕೆಲವೇ ಡೆಸಿಬೆಲ್, ಅದೂ ಈ ಉಳಿಕೆಯೊಳಗೆ ನಡೆದುಹೋಗುತ್ತದೆ.

ಕರಾವಳಿಯಲ್ಲಿ ಉಪಕರಣದಷ್ಟೇ ಅದರ ಬೋಲ್ಟ್ ಮುಖ್ಯ. ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲ್ ಕೂಡ ಕಂದುಗಟ್ಟುವುದರಿಂದ, ಮಾಲಿಬ್ಡಿನಮ್ ಬೆರೆತ 316 ದರ್ಜೆಯ ನಟ್ ಬೋಲ್ಟುಗಳನ್ನು ಮಂಗಳೂರಿನಿಂದ ತರಿಸಿದೆ. ಕನೆಕ್ಟರುಗಳಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಟೇಪ್ ಹಾಕಿದೆ. ಕೇಬಲ್ ರೇಡಿಯೊದೊಳಗೆ ಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರುವಂತೆ ಕಟ್ಟಿದರೆ ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಶೀಲ್ಡ್ ಇರುವ ಕೇಬಲ್ಲನ್ನೂ ಎರಡೂ ತುದಿಯಲ್ಲಿ ಸರ್ಜ್ ಪ್ರೊಟೆಕ್ಟರುಗಳನ್ನೂ ಬಳಸಿದೆ. ಮಣಿಪಾಲದ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಆಳವಾದ ಗುಂಡಿ ತೋಡಿಸಿ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ ತುಂಬಿಸಿ, ಅಳೆದು ನೋಡಿದ ಮೇಲೆಯೇ ರೇಡಿಯೊಗೆ ಕರೆಂಟ್ ಕೊಟ್ಟೆ.