ಕರೆಂಟ್ ಕೊಡಿಸಿದ ಮೇಲೆ ಮೂತ್ರದಲ್ಲಿ ರಕ್ತ: ಚಿಕಿತ್ಸೆಗಳನ್ನು ಹೋಲಿಸುವುದು ಹೇಗೆ?

ಮಂಡ್ಯದ ನಮ್ಮ ಸೋದರತ್ತೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕರೆಂಟ್ ಕೊಡಿಸಿ, ಅಂದರೆ ರೇಡಿಯೇಶನ್ ಮುಗಿಸಿ, ನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ಮೂತ್ರ ಬೀಟ್‌ರೂಟ್ ಬೇಯಿಸಿದ ನೀರಿನಂತೆ ಬಂತು. ‘ಉಷ್ಣ ಆಗಿದೆ’ ಅಂತ ಎರಡು ವಾರ ಬಾರ್ಲಿ ನೀರು ಕುಡಿಸಿದೆವು. ನೀವು ಹಾಗೆ ಮಾಡಬೇಡಿ.

1. ಮೂತ್ರದ ಕಲ್ಚರ್ (ಸೋಂಕಿನ ಪರೀಕ್ಷೆ), ಸ್ಕ್ಯಾನ್, ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವುದು) ಮಾಡಿಸಿ. ಸೋಂಕಾಗಲಿ ಗಡ್ಡೆಯಾಗಲಿ ಇಲ್ಲ ಅಂತ ಮೊದಲು ಗೊತ್ತಾಗಬೇಕು.

2. ರೇಡಿಯೇಶನ್ ಡೋಸ್ ಬರೆದ ಹಳೇ ಹಾಳೆ ಹುಡುಕಿಡಿ.

3. ಎಲ್ಲರೂ ಎಡವುವುದು ಇಲ್ಲೇ. ‘ಯಾವುದು ಒಳ್ಳೇದು ಡಾಕ್ಟ್ರೇ?’ ಅಂತ ಕೇಳಿ ತಲೆಯಾಡಿಸಿ ಬರುತ್ತಾರೆ. ಅದರ ಬದಲು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆಯಿರಿ: ಇವತ್ತಿನ ರಕ್ತ ನಿಲ್ಲುತ್ತಾ? ಒಳಗಿನ ಗಾಯ ಮಾಗುತ್ತಾ? ಎಡವಟ್ಟಾದರೆ ಸರಿಪಡಿಸಬಹುದಾ?

ರೇಡಿಯೇಶನ್‌ನಿಂದ ಮೂತ್ರಕೋಶದ ಸಣ್ಣ ರಕ್ತನಾಳಗಳು ನಿಧಾನಕ್ಕೆ ಮುಚ್ಚಿಕೊಳ್ಳುತ್ತವೆ. ಅಲ್ಲಿ ಹೊಸದಾಗಿ ಹುಟ್ಟುವ ನಾಳಗಳು ತೀರಾ ಸೂಕ್ಷ್ಮ, ಸುಮ್ನೆ ಒಡೆದು ರಕ್ತ ಸೋರುತ್ತವೆ. ಹಾಗಾಗಿ ಮೂರು ದಾರಿಯ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿ ತೊಳೆಯುವುದು, ಸೋರುವ ಜಾಗ ಸುಡುವುದು ಮೊದಲ ಗೆರೆಗೆ ಮಾತ್ರ ಉತ್ತರ. ಗಾಯ ಅಲ್ಲೇ ಇರುತ್ತದೆ.

ಪಟಿಕದ 1% ದ್ರಾವಣದಿಂದ ತೊಳೆಯುವುದೂ ಉಂಟು. ಕಿಡ್ನಿ ಸರಿಯಿಲ್ಲದವರ ಮೈಯಲ್ಲಿ ಅದರ ಅಲ್ಯೂಮಿನಿಯಂ ಸೇರಿಕೊಂಡು ಮಿದುಳಿಗೆ ತೊಂದರೆ ಕೊಡಬಹುದು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ) ತೋರಿಸಿಯೇ ಒಪ್ಪಿಕೊಳ್ಳಿ. (ಇದನ್ನು ಓದಿ ಅಂಗಡಿ ಪಟಿಕ ಕರಗಿಸಿ ಕುಡಿಯಬೇಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.)

ಎರಡನೇ ಗೆರೆಗೆ ಉತ್ತರ ಹೈಪರ್‌ಬಾರಿಕ್ ಆಕ್ಸಿಜನ್. ಒತ್ತಡದ ಕೋಣೆಯಲ್ಲಿ ದಿನಕ್ಕೆ ಸುಮಾರು ಒಂದೂವರೆ ಗಂಟೆ ಶುದ್ಧ ಆಮ್ಲಜನಕ ಉಸಿರಾಡಬೇಕು, ಒಟ್ಟು 30ರಿಂದ 40 ಸಲ. ನಾರ್ಡಿಕ್ ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆಗಿಂತ ಇದರಿಂದ ಜಾಸ್ತಿ ಆರಾಮ ಸಿಕ್ಕಿತ್ತು. ಕಿವಿ ನೋಯಬಹುದು. ಖರ್ಚು, ಓಡಾಟ, ಉಳಿಯುವ ಜಾಗ ಎಲ್ಲವನ್ನೂ ಆ ಗೆರೆಯ ಕೆಳಗೇ ಬರೆಯಿರಿ.

ಇನ್ನು ಮೂರನೇ ಗೆರೆ. ಮೂತ್ರಕೋಶದೊಳಗೆ ಬಿಡುವ ಫಾರ್ಮಾಲಿನ್ ಎಂಬ ರಾಸಾಯನಿಕ ಮಾತ್ರ ಕೊನೆಗೆ ಇರಲಿ. ರಕ್ತ ನಿಲ್ಲಿಸುತ್ತದೆ, ನಿಜ. ಆದರೆ ಅರಿವಳಿಕೆ ಬೇಕು, ಮೂತ್ರಕೋಶ ಕುಗ್ಗಿ ಗಟ್ಟಿಯಾಗಬಹುದು. ಮೊದಲು ಮೂತ್ರ ಕಿಡ್ನಿಗೆ ಹಿಂದಕ್ಕೆ ಹೋಗುತ್ತಾ ಅಂತ ಎಕ್ಸ್‌ರೇ ತೆಗೆಯಲೇಬೇಕು. ಮೂತ್ರಕೋಶ ತೆಗೆಯುವ ಆಪರೇಷನ್ ಅದರಾಚೆಗಿನ ಮಾತು.

4. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ರಕ್ತ ನಿಲ್ಲಿಸುವ ಮಾತ್ರೆ ತರಬೇಡಿ. ಒಳಗೆ ಹೆಪ್ಪು ಗಟ್ಟಿಯಾಗಿ ದಾರಿ ಮುಚ್ಚೀತು. ಮೂತ್ರ ಕಟ್ಟಿ ಹೊಟ್ಟೆಯ ಕೆಳಗೆ ಉಬ್ಬಿದರೆ ನೋಟ್‌ಬುಕ್ ಅಲ್ಲೇ ಬಿಟ್ಟು, ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೊರಡಿ.