ಅಮ್ಮನ ಶುಗರ್ 48ಕ್ಕೆ ಇಳಿದ ದಿನ

ಅವತ್ತು ಏಕಾದಶಿ. ಡೊಂಬಿವಿಲಿಯ ನನ್ನ ಕ್ಲಿನಿಕ್ ಮುಚ್ಚಿ ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆಗೆದ ಅಮ್ಮ, "ಡಾಕ್ಟರ್ ಇನ್ನೂ ಬಂದಿಲ್ಲಪಾ, ಸಂಜೀಕ ಬಾ" ಅಂದಳು. ಕುತ್ತಿಗೆಯೆಲ್ಲ ಬೆವರು. ಬೆರಳು ಚುಚ್ಚಿ ನೋಡಿದರೆ 48. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದಾಗ 96. "ಯಾವಾಗ ಬಂದಿ?" ಅಂತ ಕೇಳಿದಳು.

ಉಪವಾಸವಿದ್ದರೂ ಬೆಳಗಿನ ಗ್ಲಿಮೆಪಿರೈಡ್ ಗುಳಿಗೆ ನುಂಗಿದ್ದಳು. ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಬಿಡಿಸುವ ಗುಳಿಗೆ ಅದು. ಬರೆದುಕೊಟ್ಟವನು ನಾನೇ. 78ರ ವಯಸ್ಸಿನಲ್ಲೂ ಅವಳ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 6.3 ಇದೆ ಅಂತ ಹೆಮ್ಮೆಪಡುತ್ತಿದ್ದೆ.

ಕೆಲವು ತಿಂಗಳಿಂದ ಅವಳಿಗೆ ಮರೆವು ಜಾಸ್ತಿಯಾಗಿತ್ತು. ವಯಸ್ಸಾಯ್ತಲ್ವಾ ಅಂತ ಸುಮ್ನಿದ್ದೆವು. ಆ ವಾರ ರಾತ್ರಿ ಮೂರಕ್ಕೆ ಎದ್ದು ಶುಗರ್ ನೋಡತೊಡಗಿದೆ. ಎರಡು ರಾತ್ರಿ 60ರ ಕೆಳಗಿತ್ತು. ಅವಳಿಗೆ ಎಚ್ಚರವೇ ಆಗಿರಲಿಲ್ಲ. ಶುಗರ್ ಇಳಿದಾಗ ವಯಸ್ಸಾದವರಿಗೆ ನಡುಕ, ಎದೆಬಡಿತ ಅಷ್ಟಾಗಿ ಗೊತ್ತಾಗುವುದಿಲ್ಲ. ನೇರವಾಗಿ ಗೊಂದಲವೇ ಕಾಣಿಸಿಕೊಳ್ಳುತ್ತದೆ. ಶುಗರನ್ನು ಬಹಳ ಬಿಗಿಯಾಗಿ ಇಳಿಸಿದರೆ ನೆನಪಿನ ಶಕ್ತಿ ಉಳಿಯುತ್ತದೆಯೇ ಅಂತ ಅಕಾರ್ಡ್-ಮೈಂಡ್ ಅಧ್ಯಯನ ಪರೀಕ್ಷಿಸಿತ್ತು. ಲಾಭ ಕಾಣಲಿಲ್ಲ ಅಂತ 2011ರಲ್ಲೇ ಹೇಳಿತ್ತು. ಮನೆಯಲ್ಲಿ ಅದನ್ನು ಪಾಲಿಸಲು ನನಗೆ ಇಷ್ಟು ದಿನ ಬೇಕಾಯಿತು.

ಗ್ಲಿಮೆಪಿರೈಡ್ ನಿಲ್ಲಿಸಿದೆ. (ನೀವು ನಿಮ್ಮ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.) ಕಿಡ್ನಿ ಸರಿ ಇತ್ತು, ಹಾಗಾಗಿ ಅವಳ ಇನ್ನೊಂದು ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಉಳಿಸಿಕೊಂಡೆ. ವರ್ಷಗಟ್ಟಲೆ ಅದನ್ನು ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯಬಹುದು, ಅದರಿಂದಲೂ ಮರೆವು ಬರಬಹುದು. ಟೆಸ್ಟ್ ಮಾಡಿಸಿದರೆ ಕಡಿಮೆಯೇ ಇತ್ತು. ಇಂಜೆಕ್ಷನ್ ಕೊಟ್ಟೆ. ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು ಅಂದುಕೊಂಡೆ. ಅದಕ್ಕಿಂತ ಮೇಲೆ ಬಿಡಲಿಲ್ಲ. ಶುಗರ್ ಸದಾ ಏರಿಯೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ.

ಕಷ್ಟವಾದದ್ದು ಏಕಾದಶಿ. ಬಿಡು ಅಂದರೆ ಅತ್ತಳು. ಕೊನೆಗೆ ಹಾಲು, ಹಣ್ಣು ಹೊತ್ತು ಹೊತ್ತಿಗೆ ತೆಗೆದುಕೊಳ್ಳಲು ಒಪ್ಪಿದಳು. ನೀರನ್ನೂ ಬಿಡುವುದಿಲ್ಲ.

ಈಗ ಎಂಟು ತಿಂಗಳು. ಎಚ್‌ಬಿಎ1ಸಿ 7.6. ಮರೆವು ಪೂರ್ತಿ ಹೋಗಿಲ್ಲ. ಧಾರವಾಡದಿಂದ ತಂಗಿ ನಿನ್ನೆ ಫೋನ್ ಮಾಡಿದ್ದು ಇವತ್ತು ನೆನಪಿರುವುದಿಲ್ಲ. ಆದರೆ ಬಾಗಿಲಲ್ಲಿ ನನ್ನನ್ನು ಮತ್ತೆ ಯಾರೋ ಅಂದುಕೊಂಡಿಲ್ಲ. 70 ದಾಟಿದವರು ಕ್ಲಿನಿಕ್‌ಗೆ ಬಂದರೆ ರಿಪೋರ್ಟ್ ನೋಡುವ ಮೊದಲು ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಕೇಳುತ್ತೇನೆ: ರಾತ್ರಿ ಬೆವರುತ್ತಾರಾ? ಊಟ ತಪ್ಪಿಸುತ್ತಾರಾ?