ಹೇನು ಹತ್ತಿದ ಬಳ್ಳಿಯನ್ನು ಹಾಗೇ ಬಿಡುತ್ತೇನೆ

ಅಲಸಂದೆ ಬಳ್ಳಿಯ ಕುಡಿಗೆ ಕಪ್ಪು ಹೇನು ಮುತ್ತಿದರೆ ನಾನು ಔಷಧಿ ಹೊಡೆಯುವುದಿಲ್ಲ. ತೀರಾ ಜಾಸ್ತಿಯಾದ ಕುಡಿಯನ್ನು ಚಿವುಟಿ ಹಾಕುತ್ತೇನೆ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡುತ್ತೇನೆ. ಆದರೆ ಒಂದೆರಡು ಬಳ್ಳಿಯನ್ನು ಹೇನಿನ ಸಮೇತ ಮುಟ್ಟದೆ ಬಿಡುತ್ತೇನೆ. ಗುಲಗಂಜಿ ಹುಳು ತೋಟಕ್ಕೆ ಬರಬೇಕಾದರೆ ಅದಕ್ಕೆ ಊಟ ಇರಬೇಕಲ್ವಾ?

ಕಷ್ಟ ಇರುವುದು ಕಾಯುವುದರಲ್ಲಿ. ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯ ರಗಳೆಯೂ ಇಲ್ಲದೆ ನೇರವಾಗಿ ಮರಿ ಹಾಕುತ್ತದೆ. ನೋಡನೋಡುತ್ತಲೇ ಕುಡಿಯೆಲ್ಲ ಕಪ್ಪು. ಅದನ್ನು ತಿನ್ನುವ ಹುಳುಗಳು ಬಂದು, ಮೊಟ್ಟೆ ಇಟ್ಟು, ಮರಿಯಾಗುವುದಕ್ಕೆ ಸಮಯ ಬೇಕು. ಆ ನಡುವಿನ ದಿನಗಳಲ್ಲಿ ಔಷಧಿ ಬಿದ್ದರೆ ಬಂದವೂ ಸಾಯುತ್ತವೆ, ಹೇನು ಮಾತ್ರ ಬೇಗ ಚಿಗುರಿಕೊಳ್ಳುತ್ತದೆ. ಗುಲಗಂಜಿ ಹುಳುವಿನ ಮರಿ ಗುಂಡಗೆ, ಕೆಂಪಗೆ ಇರುವುದಿಲ್ಲ. ಉದ್ದಕ್ಕೆ, ಕಪ್ಪಗೆ, ಅಲ್ಲಲ್ಲಿ ಕಿತ್ತಳೆ ಮಚ್ಚೆ, ಒಂಥರಾ ಪುಟ್ಟ ಮೊಸಳೆ. ಇದೇ ಕಾಟ ಕೊಡುವ ಹುಳು ಅಂತ ತುಂಬ ಜನ ಹೊಸಕಿ ಹಾಕುತ್ತಾರೆ. ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ ಒಣಗಿದ ಹೇನು ಕಂಡರೆ ನನಗೆ ಇನ್ನೂ ಖುಷಿ. ಅದರೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಆ ಎಲೆಯನ್ನು ಕೀಳಬೇಡಿ.

ಈ ಕಣಜಗಳಿಗೂ, ಮರಿಯಾಗಿದ್ದಾಗ ಹೇನು ತಿನ್ನುವ ಹೂನೊಣಗಳಿಗೂ ದೊಡ್ಡವಾದ ಮೇಲೆ ಮಕರಂದ ಬೇಕು. ಬಾಯಿ ಗಿಡ್ಡ, ಹಾಗಾಗಿ ಪುಟ್ಟ ತೆರೆದ ಹೂವೇ ಆಗಬೇಕು. ಅದಕ್ಕೇ ಕೊತ್ತಂಬರಿ, ಸಬ್ಬಸಿಗೆಯನ್ನು ಪೂರ್ತಿ ಕೊಯ್ಯದೆ ಮಡಿಯ ಅಂಚಿನಲ್ಲಿ ಒಂದಷ್ಟು ಹೂ ಬಿಡಲು ಬಿಡುತ್ತೇನೆ. ಎಸಳು ಒತ್ತೊತ್ತಾಗಿ ತುಂಬಿದ ಅಲಂಕಾರದ ಹೂಗಳು ನೋಡಲು ಚೆಂದ, ಹುಳುಗಳಿಗೆ ಹೆಚ್ಚಿನವು ದಂಡ.

ಮಳೆಗಾಲದಲ್ಲಿ ಬಸವನಹುಳುಗಳದ್ದೇ ಕಾರುಬಾರು. ಎಳೆ ಸಸಿಗಳನ್ನು ರಾತ್ರಿ ಟಾರ್ಚ್ ಹಿಡಿದು ಕಾಯುತ್ತೇನೆ, ಉಳಿದದ್ದು ನೆಲಗಪ್ಪೆಯ ಪಾಲು. ಹಗಲು ಅದು ತಂಪಾಗಿ ಅಡಗಲು ಮೂಲೆಯಲ್ಲಿ ಕಲ್ಲು, ತರಗೆಲೆ ರಾಶಿ ಇದೆ.

ಚಳಿಗಾಲದಲ್ಲಿ ನನಗೆ ಬದನೆ ಮಡಿಯೇ ಹೆಚ್ಚು ಇಷ್ಟ. ಬದನೆ, ಟೊಮೇಟೊ ಹೂವಿನ ಪರಾಗ ಸುಲಭಕ್ಕೆ ಉದುರುವುದಿಲ್ಲ. ಬಡಗಿ ದುಂಬಿ ಹೂವನ್ನು ತಬ್ಬಿ ಗುಂಯ್ ಅಂತ ಮೈ ನಡುಗಿಸಿದಾಗ ಪುಡಿ ಹಾರುತ್ತದೆ. ಜೇನುಹುಳುವಿಗೆ ಈ ವಿದ್ಯೆ ಬಾರದು. ದುಂಬಿ ಗೂಡು ಕೊರೆಯುವುದು ಒಣ ಮರದಲ್ಲಿ, ಹಾಗಾಗಿ ಬೇಲಿ ಪಕ್ಕದ ಒಣ ಕೊಂಬೆಗಳನ್ನು ಒಲೆಗೆ ಹಾಕುವುದಿಲ್ಲ. ಟೊಳ್ಳು ದಂಟುಗಳನ್ನೂ ಉಳಿಸುತ್ತೇನೆ, ಒಂಟಿಯಾಗಿ ಬದುಕುವ ಕೆಲವು ಜೇನುಗಳು ಅವುಗಳೊಳಗೆ ಗೂಡು ಮಾಡುತ್ತವೆ. ರೋಗ ಬಂದ ಗಿಡವನ್ನು ಮಾತ್ರ ಮುಲಾಜಿಲ್ಲದೆ ಕಿತ್ತು ಹೊರಹಾಕುತ್ತೇನೆ.

ಬೇಸಿಗೆಯಲ್ಲಿ ಕೆಲಸ ಕಡಿಮೆ. ಬೇರುಗಳಿಗೆ ತರಗೆಲೆಯ ದಪ್ಪ ಹೊದಿಕೆ. ಒಂದು ತುಂಡು ನೆಲವನ್ನು ಮಾತ್ರ ಮುಚ್ಚದೆ, ಅಗೆಯದೆ ಬರಿದಾಗಿ ಬಿಡುತ್ತೇನೆ. ಪ್ರಪಂಚದ ಸುಮಾರು 20,000 ಬಗೆಯ ಜೇನುಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ಮಣ್ಣಿನಲ್ಲೇ. ನೀರಿಗೆ ಅಗಲವಾದ, ಆಳವಿಲ್ಲದ ಬೋಗುಣಿ ಸಾಕು. ಒಳಗೆ ಕಲ್ಲು ಇಟ್ಟರೆ ಬಿದ್ದ ಹುಳು ಹತ್ತಿ ಬರುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಬೋಗುಣಿ ಉಜ್ಜಿ ಹೊಸದು ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.